ಒಂದು ಚಮಚ ಜಾಮ್

ಮಗಳಿಗೆ ಆರು ವರ್ಷ. ಸಿಹಿ ಎಲ್ಲಿ ಬಚ್ಚಿಟ್ಟರೂ ಪತ್ತೆ ಹಚ್ಚುವುದರಿಂದ ಮನೆಯಲ್ಲಿ ಅವಳನ್ನು ಇರುವೆ ಎಂದೇ ಕರೆಯುವುದು. ಎರಡು ವರ್ಷದಿಂದ ಅವಳಿಗೆ ಫಿಟ್ಸ್. ಬೆಳಿಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು ಮಾತ್ರೆ. ಒಮ್ಮೆ ಒಂದೇ ಒಂದು ಹೊತ್ತು ತಪ್ಪಿದ್ದಕ್ಕೆ ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದುಕೊಂಡಿದ್ದಳು.

ಅವಳ ಹರ್ನಿಯಾ ಆಪರೇಶನ್‌ಗೆ ದಿನ ಗೊತ್ತಾದಾಗ, ಅರಿವಳಿಕೆ ಕೊಡುವ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: "ಹಿಂದಿನ ರಾತ್ರಿ ಬೇಗ ಮಲಗಿಸಿ, ನಿದ್ದೆ ಕೆಟ್ಟರೂ ಫಿಟ್ಸ್ ಬರುತ್ತೆ. ಬೆಳಿಗ್ಗೆ ಹೊಟ್ಟೆಗೆ ಏನೂ ಬೇಡ. ಆದ್ರೆ ಫಿಟ್ಸ್ ಮಾತ್ರೆ ಮಾತ್ರ ತಪ್ಪಿಸಬೇಡಿ. ಒಂದು ಗುಟುಕು ನೀರಲ್ಲಿ ಕೊಡಿ."

ನಾನು ತಲೆಯಾಡಿಸಿ ಬಂದೆ. ಇರುವೆ ಇದುವರೆಗೆ ಮಾತ್ರೆಯನ್ನು ಜಾಮಿನಲ್ಲಿ ಹುದುಗಿಸದೆ ನುಂಗಿದವಳೇ ಅಲ್ಲ ಎಂದು ಹೇಳಲು ನನಗೆ ಹೊಳೆಯಲೇ ಇಲ್ಲ.

ಆ ದಿನ ಬೆಳಿಗ್ಗೆ ಹೆಂಡತಿ ಮೊದಲ ಪಾಳಿಗೆ ಹೋಗಿದ್ದಳು. ಜೊತೆಗಿದ್ದದ್ದು ನನ್ನ ಅಕ್ಕ. ನೀರಿನಲ್ಲಿ ಕೊಟ್ಟ ಮೊದಲ ಮಾತ್ರೆಯನ್ನು ಮಗಳು ನನ್ನ ಅಂಗಿಗೇ ಉಗಿದಳು. ಎರಡನೆಯದು ಸಿಂಕಿಗೆ ಹೋಯಿತು. ಮನೆಯಲ್ಲಿ ಉಳಿದದ್ದು ಇನ್ನೊಂದೇ.

"ಜಾಮಲ್ಲೇ ಕೊಡೋ ಮಾರಾಯ, ಒಂದು ಚಮಚ ತಾನೇ!" ಅಂದಳು ಅಕ್ಕ.

ಕೊಟ್ಟೆ. ಇರುವೆ ಚಮಚವನ್ನೂ ಬಿಡದೆ ನೆಕ್ಕಿದಳು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು, "ಏನಾದ್ರೂ ತಿನ್ನಿಸಿದ್ದೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಏನೂ ಇಲ್ಲಮ್ಮ, ಮಾತ್ರೆ ಅಷ್ಟೇ" ಎಂದಳು. ನರ್ಸ್ ಆಚೆ ಹೋದ ಮೇಲೆ ನನ್ನ ತೋಳು ಚಿವುಟಿ, "ಎರಡು ಸಲ ದಿನಾಂಕ ತಪ್ಪಿದೆ. ಒಂದ್ಸಲ ಮಗೂಗೆ ನೆಗಡಿ, ಇನ್ನೊಂದ್ಸಲ ನಿಂಗೆ ರಜೆ ಇಲ್ಲ. ಈಗ ಬಾಯ್ಬಿಟ್ಟರೆ ಮೂರನೇ ಸಲವೂ ಮನೆಗೇ!" ಎಂದಳು.

ನನ್ನದು ಲಿಫ್ಟ್ ರಿಪೇರಿ ಕೆಲಸ. ಬಾಗಿಲ ಸ್ವಿಚ್ಚಿಗೆ ತಂತಿ ಸುತ್ತಿ, ಬಾಗಿಲು ಮುಚ್ಚಿದೆ ಎಂದು ಯಂತ್ರಕ್ಕೆ ಸುಳ್ಳು ಹೇಳಿಸಿ ಓಡಿಸುವವರನ್ನು ಕಂಡರೆ ಎಗರಾಡುವವನು ನಾನೇ. ಈಗ ಮಗಳನ್ನು ಮಲಗಿಸಿದ ಟ್ರಾಲಿ ಆಪರೇಶನ್ ಕೋಣೆಯತ್ತ ಹೊರಟಿತು, ಪಕ್ಕದಲ್ಲೇ ಡಾಕ್ಟರಮ್ಮ. ನಾಲ್ಕು ಹೆಜ್ಜೆ ಸುಮ್ಮನೆ ನಡೆದೆ. ಐದನೆಯದಕ್ಕೆ ಟ್ರಾಲಿಯ ಕಂಬಿ ಹಿಡಿದು ನಿಲ್ಲಿಸಿದೆ.

"ಡಾಕ್ಟ್ರೇ, ಜಾಮ್ ಕೊಟ್ಟಿದ್ದೀನಿ. ಆರು ಗಂಟೆಗೆ. ಒಂದು ಚಮಚ."

ಅಕ್ಕ ಹಣೆ ಚಚ್ಚಿಕೊಂಡಳು. ಡಾಕ್ಟರಮ್ಮ ಮಾಸ್ಕ್ ಕೆಳಗೆಳೆದು ನನ್ನನ್ನೇ ನೋಡಿದರು.

"ಮಾತ್ರೆ ಹೊಟ್ಟೆಗೆ ಹೋಯ್ತಾ?"

"ಹೋಯ್ತು."

"ಅದು ಒಳ್ಳೇದಾಯ್ತು. ಆದ್ರೆ ಮಗು ಮಂಪರಲ್ಲಿರುವಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ನಾನು ಏನ್ಮಾಡ್ಲಿ? ಮೊದಲೇ ಹೇಳಬಾರದಾಗಿತ್ತಾ? ನೀರಲ್ಲಿ ನುಂಗಲ್ಲ ಅಂದಿದ್ರೆ ಸಿರಪ್ ಬರೆದುಕೊಡ್ತಿದ್ದೆ."

"ಮನೆಗೆ ಕರ್ಕೊಂಡು ಹೋಗ್ಬೇಕಾ?"

"ಯಾರು ಹೇಳಿದ್ದು? ಮೊದಲನೇ ಪೇಶಂಟ್ ಕೊನೇ ಪೇಶಂಟ್ ಆಗ್ತಾಳೆ, ಅಷ್ಟೇ. ಅಲ್ಲೀತನಕ ಡ್ರಿಪ್ ಹಾಕ್ತೀವಿ."

ಅಕ್ಕ ಮೆಲ್ಲಗೆ, "ಒಳ್ಳೇ ಹೆಂಗಸು ಕಣೋ" ಎಂದಳು, ತನ್ನದೇನೂ ತಪ್ಪಿಲ್ಲವೆಂಬಂತೆ.

ಎರಡು ಗಂಟೆಗೆ ಒಳಗೆ ಕರೆದೊಯ್ದರು. ಮೂರೂವರೆಗೆ ನನ್ನನ್ನು ಕರೆದರು. ಇರುವೆ ಕಣ್ಣು ಮುಚ್ಚಿ ಮಲಗಿದ್ದಳು, ಉಸಿರು ಸರಾಗವಾಗಿತ್ತು. ಡಾಕ್ಟರಮ್ಮನ ಪಾಳಿ ಮೂರಕ್ಕೇ ಮುಗಿದಿತ್ತೆಂದು ನರ್ಸ್ ಹೇಳಿದರು. ಆದರೂ ಅವರು ಮಂಚದ ಪಕ್ಕವೇ ನಿಂತಿದ್ದರು.

"ಒಳಗೆ ಫಿಟ್ಸ್ ಬರಲಿಲ್ಲ. ಸಂಜೆ ಆರಕ್ಕೆ ನುಂಗೋಕಾಗದಿದ್ರೆ ಅದೇ ಔಷಧಿನ ಡ್ರಿಪ್‌ನಲ್ಲೇ ಕೊಡೋಕೆ ಬರೆದಿದ್ದೀನಿ. ಹೊತ್ತು ತಪ್ಪಲ್ಲ. ರಾತ್ರಿ ಇಲ್ಲೇ ಇರಲಿ."

ಕೈ ಮುಗಿದು, "ಡಾಕ್ಟ್ರೇ, ನಿಮ್ಮಿಂದ..." ಎಂದು ಶುರುಮಾಡಿದೆ.

"ಆಮೇಲೆ ಹೇಳೋರಂತೆ. ಮಗಳು ಏಳ್ತಿದ್ದಾಳೆ ನೋಡಿ. ಪಕ್ಕಕ್ಕೆ ಹೊರಳಿಸಿ ಹಿಡ್ಕೊಳ್ಳಿ, ವಾಂತಿ ಬರಬಹುದು."

ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇರುವೆ ಕಣ್ಣು ಬಿಟ್ಟು, ನಾನು ಯಾರೆಂದು ಒಂದು ಕ್ಷಣ ಯೋಚಿಸಿ, "ಅಪ್ಪ" ಎಂದಳು.