ಬೇಕರಿಯವನ ಮನೆಯಲ್ಲಿ ಪೇಲಿಯೋ

ಎಲ್ಲಿಂದ ಶುರು ಮಾಡಲಿ? ಗುಹೆಯಿಂದಲೋ, ನಮ್ಮ ಅಡುಗೆಮನೆಯಿಂದಲೋ?

ಮೊದಲು ಗುಹೆಯಿಂದಲೇ ಶುರು ಮಾಡಿದ್ದೆ. ಹೀಗಿತ್ತು: "ಲಕ್ಷಾಂತರ ವರ್ಷಗಳ ಹಿಂದೆ ಒಂದು ಗುಹೆಯಲ್ಲಿ ಒಂದು ಸಂಸಾರವಿತ್ತು. ಗಂಡ ಬೇಟೆಗೆ ಹೋಗುತ್ತಿದ್ದ. ಹೆಂಡತಿ ಗೆಡ್ಡೆ ಅಗೆಯುತ್ತಿದ್ದಳು. ಮುದಿ ಮಾವ ಬೆಂಕಿ ಆರದಂತೆ ಕಾಯುತ್ತಾ ಕೂತಿರುತ್ತಿದ್ದ."

ಇಷ್ಟನ್ನು ಮೊಮ್ಮಗಳಿಗೆ ಓದಿ ಹೇಳಿದೆ. ಎಲ್ಲದಕ್ಕೂ ವಾದ ಹೂಡುವ ಹುಡುಗಿ. ಮನೆಯಲ್ಲಿ ಅವಳನ್ನು ಲಾಯರ್ ಎಂದೇ ಕರೆಯುವುದು.

"ತಾತ, ಗುಹೇಲಿ ಮುದುಕರು ಎಲ್ಲಿರ್ತಿದ್ರು? ಅಷ್ಟು ವಯಸ್ಸಾಗೋದ್ರೊಳಗೆ ಹುಲಿ ತಿಂದು ಹಾಕಿರ್ತಿತ್ತು."

"ನನ್ನನ್ನ ಹುಲಿ ತಿಂದ್ರೆ ನಿಮ್ಮಮ್ಮಂಗೆ ಮೊಟ್ಟೆ ಬೇಯಿಸಿಕೊಡೋರು ಯಾರೇ?"

"ಅದಕ್ಕೇ ಹೇಳ್ತಿರೋದು. ಗುಹೆ ಬಿಡು, ಅಡುಗೆಮನೆಯಿಂದ ಬಾ."

ಗುಹೆಯನ್ನು ಹರಿದು ಹಾಕಿದೆ. (ಓದುವವರೇ, ನಿಮಗೆ ಗುಹೆಯೇ ಹಿಡಿಸಿದ್ದರೆ ಕ್ಷಮಿಸಿ. ಹುಲಿ ಬಂದಿದ್ದರೆ ಕಥೆ ಬೇಗ ಮುಗಿಯುತ್ತಿತ್ತು ಅನ್ನುವುದೇನೋ ನಿಜ.)

೧

ಮನೆಯಲ್ಲಿ ನಾಲ್ಕು ಜನ. ಮಗ ಬೇಕರಿಯಲ್ಲಿ ಬ್ರೆಡ್ ಮಾಡುತ್ತಾನೆ. ಸೊಸೆ ಬಸ್ ಓಡಿಸುತ್ತಾಳೆ. ಲಾಯರ್ ಶಾಲೆಗೆ ಹೋಗುತ್ತಾಳೆ. ನಾನು ಅಡುಗೆ ಮಾಡುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಗೋದಾಮಿನ ಬಾಗಿಲು ಕಾಯುತ್ತಾ ಆಯಸ್ಸು ಸವೆಸಿದವನಿಗೆ ಈ ವಯಸ್ಸಿನಲ್ಲಿ ಸಿಕ್ಕ ಬಡ್ತಿ ಇದು.

ಮಗ ಕೆಲಸಕ್ಕೆ ಹೊರಡುವಾಗ ನಾವು ಮಲಗಿರುತ್ತೇವೆ. ಅವನು ಬಂದು ಮಲಗುವಾಗ ಸೊಸೆ, ಮೊಮ್ಮಗಳು ಹೊರಟಿರುತ್ತಾರೆ. ನಾಲ್ವರೂ ಎದುರುಬದುರು ಕೂರುವುದು ಸಂಜೆಯ ಊಟಕ್ಕೆ ಮಾತ್ರ. ಅಂಥ ಒಂದು ಸಂಜೆ ಸೊಸೆ ತಟ್ಟೆಗೆ ಕೈ ಹಾಕದೆ ಕೂತಿದ್ದಳು.

"ಬರೋ ತಿಂಗಳು ಡಿಪೋದಲ್ಲಿ ಮೆಡಿಕಲ್ ಇದೆ. ನನ್ನ ಶುಗರ್ ಗಡಿಗೆ ಬಂದು ನಿಂತಿದೆಯಂತೆ. ದಾಟಿದ್ರೆ ಸ್ಟೀರಿಂಗ್ ಬಿಡಿಸಿ ಕೌಂಟರಿನಲ್ಲಿ ಕೂರಿಸ್ತಾರೆ."

ಕೌಂಟರಿನಲ್ಲಿ ಕೂತರೇನು, ಸಂಬಳ ಅಷ್ಟೇ ಅಲ್ಲವೇ ಎಂದು ನೀವು ಕೇಳಬಹುದು. ಕೇಳಬೇಡಿ. ಡ್ರೈವರ್ ಸೀಟು ಏರುವ ಮುಂಚೆ ಅವಳು ಕಂಡಕ್ಟರ್ ಆಗಿದ್ದಳು. ಡ್ರೈವಿಂಗ್ ಪರೀಕ್ಷೆಗೆ ಅರ್ಜಿ ಹಾಕಿದಾಗಲೆಲ್ಲ ಡಿಪೋದವರು ನಕ್ಕ ನಗೆಯನ್ನು ಅವಳು ಹೇಗೆ ನುಂಗಿಕೊಂಡಳೆಂದು ನನಗೆ ನೆನಪಿದೆ. ಮೊದಲ ಸಲ ಬಸ್ ಓಡಿಸಿ ಬಂದ ದಿನ ಅವಳು ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು, "ಮಾವ, ಮನೇಲಿರೋ ಕುರ್ಚಿ ಎಲ್ಲಾ ತಗ್ಗಾಗಿಬಿಟ್ಟಿದೆ" ಅಂದಿದ್ದಳು. ಹಾಗೆ ಹೇಳಿದವಳನ್ನು ಕೌಂಟರಿನ ಕುರ್ಚಿಯಲ್ಲಿ ಕೂರಿಸುವುದೆಂದರೆ ಏನೆಂದು ನನಗೆ ಗೊತ್ತು.

"ನಮ್ಮ ಡಿಪೋ ಮೆಕ್ಯಾನಿಕ್ ಪೇಲಿಯೋ ಅನ್ನೋ ಪಥ್ಯ ಮಾಡಿ ಶುಗರ್ ಇಳಿಸಿಕೊಂಡಿದಾನೆ," ಅಂದಳು. "ಆದಿಮಾನವರು ತಿಂದಿದ್ದನ್ನೇ ತಿನ್ನೋದು. ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬಾದಾಮಿ. ಹಾಲಿಲ್ಲ, ಸಕ್ಕರೆ ಇಲ್ಲ, ಕಾಳಿಲ್ಲ, ಧಾನ್ಯ ಇಲ್ಲ. ಒಬ್ಬಳೇ ಮಾಡಿದ್ರೆ ವಾರದೊಳಗೆ ಬಿಟ್ಬಿಡ್ತೀನಿ. ಎಲ್ಲರೂ ಮಾಡೋಣ."

"ಧಾನ್ಯ ಅಂದ್ರೆ?" ಮಗ ಕೇಳಿದ. ಗೊತ್ತಿದ್ದೂ ಕೇಳಿದ.

"ಗೋಧಿ ಅಪ್ಪಾ. ಗೋಧಿ," ಅಂದಳು ಲಾಯರ್.

ಬೇಕರಿಯವನು ತನ್ನ ಕೈಯಾರೆ ಮಾಡಿ ತಂದಿದ್ದ ಬ್ರೆಡ್ಡಿನ ತುಂಡನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ತಟ್ಟೆಯಿಂದಾಚೆಗೆ ಸರಿಸಿ, "ಸರಿ. ನಾನೂ ಮಾಡ್ತೀನಿ" ಅಂದ.

೨

ಇಲ್ಲಿಯವರೆಗೆ ಬರೆದು ಓದಿ ಹೇಳಿದಾಗ ಸೊಸೆ ತಕರಾರು ತೆಗೆದಳು.

"ಮಾವ, ಕಥೇಲಿ ಇವರ ಕೆಲಸ ಬದಲಾಯಿಸಿ. ಬೇಕರಿಯವನ ಹೆಂಡ್ತೀನೇ ಬ್ರೆಡ್ ಬಿಟ್ಟಳು ಅಂದ್ರೆ ಗಿರಾಕಿಗಳು ಏನಂದ್ಕೊಳ್ಳಲ್ಲ?"

ಮಾತು ನ್ಯಾಯವಾಗಿತ್ತು. ಮಗನನ್ನು ಬೀಗ ರಿಪೇರಿಯವನನ್ನಾಗಿ ಮಾಡಿದೆ. ಬೀಗದವನು ಸಂಜೆ ಮನೆಗೆ ಬಂದ, ಹುರಿದ ಮೀನು ತಿಂದ, ತೇಗಿದ, ಮಲಗಿದ. ಸೊಸೆಯ ಶುಗರ್ ಇಳಿಯಿತು. ಅರ್ಧ ಹಾಳೆಯಲ್ಲಿ ಕಥೆ ಮುಗಿದೇ ಹೋಯಿತು. ಬೀಗದವನಿಗೆ ಗೋಧಿಯ ಮೇಲೆ ಹಗೆಯೂ ಇಲ್ಲ, ಗೋಧಿಯ ಋಣವೂ ಇಲ್ಲ. ಅವನನ್ನಿಟ್ಟುಕೊಂಡು ನಾನೇನು ಮಾಡಲಿ?

ಮಗನೂ ಓದಿ ನೋಡಿದ. "ಅಪ್ಪ, ನಂಗೆ ಬೀಗ ರಿಪೇರಿ ಬರಲ್ಲ. ನನ್ನ ಬೇಕರೀಲೇ ಬಿಟ್ಬಿಡು" ಅಂದ.

ಬಿಟ್ಟೆ. ಸೊಸೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. (ಊದಿಸಿಕೊಂಡಿರಲಿಲ್ಲ, ಸುಸ್ತಾಗಿತ್ತು ಎಂದು ಬರೆಯಬೇಕಂತೆ. ಬರೆದಿದ್ದೇನೆ.)

೩

ಪಥ್ಯದ ಮೊದಲ ದಿನಗಳಲ್ಲಿ ನನಗೆ ತಿಳಿದದ್ದು ಒಂದೇ. ಆದಿಮಾನವನಿಗೆ ಬೆಳಗಿನ ಬಸ್ಸು ಇರಲಿಲ್ಲ.

ಅಲ್ಲಿಯವರೆಗೆ ನಮ್ಮ ಬೆಳಗು ಬ್ರೆಡ್ಡಿನ ಮೇಲೆ ನಿಂತಿತ್ತು. ಸೊಸೆ ಒಂದು ಕೈಯಲ್ಲಿ ಬ್ರೆಡ್ ಹಿಡಿದು ಇನ್ನೊಂದು ಕೈಯಲ್ಲಿ ಶೂ ಲೇಸ್ ಕಟ್ಟುತ್ತಿದ್ದಳು. ಲಾಯರ್ ಬ್ರೆಡ್ ತಿನ್ನುತ್ತಲೇ ಮೆಟ್ಟಿಲು ಇಳಿಯುತ್ತಿದ್ದಳು. ಯಾರೋ ಒಬ್ಬ ನಿದ್ದೆಗೆಟ್ಟು ನಾದಿ, ಉಬ್ಬಿಸಿ, ಬೇಯಿಸಿ ಇಟ್ಟಿದ್ದರಿಂದ ಉಳಿದವರಿಗೆ ಓಡುವುದಕ್ಕೆ ಪುರುಸೊತ್ತು ಸಿಗುತ್ತಿತ್ತು. ಅದನ್ನು ತೆಗೆದುಹಾಕಿದ ಮೇಲೆ ಆ ಹೊತ್ತೆಲ್ಲ ನನ್ನ ತಲೆಯ ಮೇಲೆ ಬಂದು ಕೂತಿತು. ಮೊಟ್ಟೆ ಬೇಯಿಸು, ಕೋಳಿ ಹೆಚ್ಚು, ಸೊಪ್ಪು ಸೋಸು, ಡಬ್ಬಿಗೆ ತುಂಬು. ಆದಿಮಾನವರು ಇಡೀ ದಿನ ಊಟದ ಹಿಂದೆ ಅಲೆಯುತ್ತಿದ್ದರಂತೆ. ನಾನು ಒಬ್ಬನೇ ನಾಲ್ವರ ಪರವಾಗಿ ಅಲೆಯುತ್ತಿದ್ದೆ, ಸ್ಟವ್‌ಗೂ ಸಿಂಕ್‌ಗೂ ನಡುವೆ.

ನಾನು ಚಿಕ್ಕವನಿದ್ದಾಗ ಊಟ ಬಿಡಬೇಕೆಂದರೆ ಮೊದಲು ಊಟ ಇರಬೇಕಿತ್ತು. ಯಾವುದನ್ನು ಬಿಡಬೇಕೆಂದು ಒಂದು ಮನೆಯವರೆಲ್ಲ ಕೂತು ಮಾತಾಡುವುದನ್ನು ನಾನು ನೋಡಿದ್ದು ಈಗಲೇ. ಬೇಜಾರಿನಿಂದ ಹೇಳುತ್ತಿಲ್ಲ. ಹೆದರಿಕೆ ಆಗ ಒಂದು ಥರ ಇತ್ತು, ಈಗ ಒಂದು ಥರ.

"ಮಾವ, ನಿಮಗೆ ಈ ಪಥ್ಯ ಬೇಡ. ನೀವು ಹಾಲಲ್ಲಿ ಬ್ರೆಡ್ ನೆನೆಸ್ಕೊಂಡು ತಿನ್ನಿ," ಅಂದಳು ಸೊಸೆ, ನಾನು ಬಾದಾಮಿಯ ಜೊತೆ ಗುದ್ದಾಡುವುದನ್ನು ನೋಡಲಾರದೆ. ಆದಿಮಾನವರಿಗೆ ಹಲ್ಲುಗಳಿದ್ದವು. ನನಗೆ ಹಲ್ಲುಗಳ ನೆನಪಿದೆ.

"ಎಲ್ಲರೂ ಅಂದ್ರೆ ಎಲ್ಲರೂ," ಅಂದೆ. ಗೆಣಸನ್ನು ಮೆತ್ತಗೆ ಬೇಯಿಸಿಕೊಂಡೆ.

೪

ಈ ಭಾಗವನ್ನು ಬರೆಯಬೇಡ ಎಂದು ಮಗ ಹೇಳಿದ್ದಾನೆ. ಬರೆಯದಿದ್ದರೆ ಅವನು ಮತ್ತೆ ಬೀಗದವನೇ ಆಗಿಬಿಡುತ್ತಾನೆ.

ಒಂದು ಸಂಜೆ ಲಾಯರ್ ಊಟದ ನಡುವೆ, ಮೆಕ್ಯಾನಿಕ್ ಕಳಿಸಿದ ವಿಡಿಯೋದ ಮಾತೆತ್ತಿದಳು. "ಗೋಧಿ ಅನ್ನೋದು ನಿಧಾನ ವಿಷವಂತೆ ಅಪ್ಪ. ಅದರಲ್ಲಿ ಹಾಗೇ ಹೇಳಿದಾರೆ."

ಮಗ ಬಾಯಿಗೆ ಒಯ್ಯುತ್ತಿದ್ದ ಮೀನನ್ನು ಕೆಳಗಿಟ್ಟ. "ಹಾಗಾದ್ರೆ ನಾನು ದಿನಾ ಊರಿಗೆಲ್ಲ ವಿಷ ಹಂಚ್ತಾ ಇದೀನಾ?"

ಯಾರಾದರೂ ಇಲ್ಲ ಅನ್ನಬಹುದಿತ್ತು. ಸೊಸೆ ಅಂದಿನ ಡ್ಯೂಟಿಯ ಸುಸ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ ಊಟ ಮಾಡುತ್ತಿದ್ದಳು. ಲಾಯರ್ ತಮಾಷೆ ಎಂದುಕೊಂಡಳು. ನಾನು ಮಾತಿಗೆ ನಿಧಾನ. ಮಾತು ಹಾಗೇ ಮೇಜಿನ ಮೇಲೆ ಉಳಿಯಿತು.

ಮಾರನೆಯ ಬೆಳಗಿನ ಜಾವ ಏನಾಯಿತೆಂದರೆ: ನಾದಿದ ಮೇಲೆ ಹಿಟ್ಟಿನ ಒಂದು ಚೂರನ್ನು ನಾಲಿಗೆಗಿಟ್ಟು ನೋಡುವುದು ಅವನ ಪದ್ಧತಿ. ಅವತ್ತು ಇಡಲಿಲ್ಲ. ಹೆಂಡತಿಗೆ ಮಾತು ಕೊಟ್ಟಾಗಿದೆ. ಅದೂ ಅಲ್ಲದೆ ವಿಷ ಅಂದ ಮೇಲೆ ನಾಲಿಗೆಗೆ ಯಾಕೆ? ಹಿಟ್ಟು ಯಾವತ್ತಿಗಿಂತ ಬೇಗ ಉಬ್ಬಿತು, ಕೈಗೆ ಅಂಟುತ್ತಿತ್ತು. ಸೆಕೆ ಇರಬೇಕು ಅಂದುಕೊಂಡ. ಬ್ರೆಡ್ ನೋಡಲು ಚೆನ್ನಾಗಿಯೇ ಬಂತು. ಅಂಗಡಿಗಳಿಗೆ ಹೋಯಿತು, ಹೋಟೆಲುಗಳಿಗೆ ಹೋಯಿತು. ಆಮೇಲೆ ಫೋನುಗಳು ಶುರುವಾದವು. ಅಷ್ಟೂ ಹಿಟ್ಟಿಗೆ ಅವನು ಉಪ್ಪೇ ಹಾಕಿರಲಿಲ್ಲ.

ಬೇಕರಿ ಯಜಮಾನರು ಬೈಯಲಿಲ್ಲವಂತೆ. ಒಂದು ಸ್ಲೈಸ್ ಕತ್ತರಿಸಿ ಮುಂದಿಟ್ಟರಂತೆ. "ನೀನೇ ತಿಂದು ನೋಡು."

"ನಾನು ಬ್ರೆಡ್ ತಿನ್ನಲ್ಲ ಸಾರ್ ಈಗ."

"ಮಾಡಿದವನೇ ತಿನ್ನದೇ ಇರೋ ಬ್ರೆಡ್ಡನ್ನ ಬೇರೆಯವರು ಯಾಕೆ ತಿನ್ಬೇಕಪ್ಪಾ?"

ಸಂಜೆ ಊಟಕ್ಕೆ ಕೂತಾಗ ಅವನು ಇದನ್ನೆಲ್ಲ ತನ್ನ ತಟ್ಟೆಗೆ ಹೇಳುತ್ತಿರುವವನಂತೆ ಹೇಳಿದ. ಸೊಸೆ ಕೇಳಿದಳು, ಕೇಳುತ್ತಲೇ ಕೆಂಪಗಾದಳು.

"ನನ್ನಿಂದ ಆಯ್ತು ಅನ್ನಿ."

"ನಿನ್ನಿಂದ ಅಂತ ಯಾರಂದ್ರು?"

"ಬಾಯಲ್ಲಿ ಅನ್ನಬೇಕಾ? ಹಿಟ್ಟು ನಾಲಿಗೆಗಿಡಬೇಡಿ ಅಂತ ನಾನು ಹೇಳಿದ್ನಾ ರೀ? ರುಚಿ ನೋಡಿ ಉಗೀರಿ!"

"ರುಚಿ ನೋಡೋದು ತಿನ್ನೋದಲ್ಲ," ಲಾಯರ್ ಚಮಚದಿಂದ ಮೇಜು ಕುಟ್ಟಿದಳು. "ಕೇಸ್ ಡಿಸ್‌ಮಿಸ್."

ಇಲ್ಲಿಗೇ ಮುಗಿಸಬಹುದಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಸೊಸೆ ನಗು ನಿಲ್ಲಿಸಿ ಒಂದು ಮಾತು ಹೇಳಿದಳು. "ನೀವು ತಿನ್ನೋದು ನನಗೆ ಕಷ್ಟ ಅಲ್ಲ. ನೀವು ಬೇಕರಿ ಶರ್ಟಲ್ಲೇ ಮಲಗೆದ್ದು ಊಟಕ್ಕೆ ಬರ್ತೀರಲ್ಲ, ಆ ಶರ್ಟಿನ ವಾಸನೆ. ಬಿಸಿ ಬನ್ನಿನ ವಾಸನೆ. ಅದಕ್ಕೆ ದಿನಾ ಸೋತೇಬಿಡ್ತೀನೇನೋ ಅನ್ಸತ್ತೆ."

(ಹಳೆಯ ಸಂಗತಿ ಒಂದು ಹೇಳಿಬಿಡುತ್ತೇನೆ. ಅವಳು ಕಂಡಕ್ಟರ್ ಆಗಿದ್ದಾಗ ಬಸ್ಸು ಬೇಕರಿಯ ಮುಂದೆ ನಿಲ್ಲುತ್ತಿತ್ತು. ಇಳಿಯಲು ಪುರುಸೊತ್ತಿಲ್ಲ, ಇವನು ಕಿಟಕಿಯಿಂದ ಬಿಸಿ ಬನ್ ಕೊಡುತ್ತಿದ್ದ, ಅವಳು ಓಡುವ ಬಸ್ಸಿನಿಂದ ಕೈ ಬೀಸುತ್ತಿದ್ದಳು. ಮಗ ಮದುವೆ ಮಾತು ಎತ್ತಿದಾಗ ನಾನು, ಆ ಹುಡುಗಿಯ ಪರಿಚಯ ಹೇಗೆ ಎಂದು ಕೇಳಿದೆ. "ಬನ್ ಕೊಟ್ಟು ಪರಿಚಯ" ಅಂದಿದ್ದ.)

ಮಾರನೆಯ ದಿನದಿಂದ ಮಗ ಬೇಕರಿಯಲ್ಲೇ ಸೋಪು ಹಚ್ಚಿ ಸ್ನಾನ ಮಾಡಿ, ಬೇರೆ ಶರ್ಟು ತೊಟ್ಟು ಮನೆಗೆ ಬರತೊಡಗಿದ. ಹಿಟ್ಟಿನ ಚೂರನ್ನು ನಾಲಿಗೆಗಿಟ್ಟು ಉಗುಳುತ್ತಿದ್ದ, ಬ್ರೆಡ್ಡಿಗೆ ಉಪ್ಪು ವಾಪಸು ಬಂತು. ಮನೆಯಲ್ಲಿ ಮಾತ್ರ ಏನೋ ಹೋಯಿತು. ಅವನು ಹಾದುಹೋದರೆ ಆಸ್ಪತ್ರೆಯ ಕಾರಿಡಾರ್ ಹಾದುಹೋದ ಹಾಗೆ. ಊಟದ ಮೇಜಿನಲ್ಲಿ ಸೊಸೆ ಅವನಿಗೆ "ಇನ್ನೊಂದು ಚೂರು ಹಾಕಲಾ?" ಎಂದು ಕೇಳುವ ಧಾಟಿ ಬದಲಾಯಿತು. ಉಪಚಾರದ ಧಾಟಿ. ಕೆಲವು ದಿನ ನೋಡಿ ಅವಳೇ ಚಮಚ ಕೆಳಗಿಟ್ಟಳು.

"ಯಾರೋ ನೆಂಟರ ಜೊತೆ ಊಟಕ್ಕೆ ಕೂತ ಹಾಗಿದೆ. ನಾಳೆಯಿಂದ ಮೊದಲಿನ ಹಾಗೇ ಬನ್ನಿ. ವಾಸನೆಗೆ ಶುಗರ್ ಏರಲ್ಲ."

"ಆಸೆ ಆದ್ರೆ?"

"ಆದ್ರೆ ಆಗ್ಲಿ. ಆಸೇನೇ ಆಗಬಾರದು ಅಂದಿದ್ರೆ ನಿಮ್ಮನ್ನ ಯಾಕೆ ಕಟ್ಕೊಳ್ತಿದ್ದೆ?"

ಮಗ ತಟ್ಟೆ ತೊಳೆಯುವ ನೆಪದಲ್ಲಿ ಎದ್ದುಹೋದ. ತಟ್ಟೆಯಲ್ಲಿ ಇನ್ನೂ ಊಟ ಇತ್ತು.

(ಅವಳು ಆಮೇಲೂ ಒಂದು ಚೂರು ಬ್ರೆಡ್ ಮುಟ್ಟಲಿಲ್ಲ. ವಾಸನೆಯನ್ನು ಎದುರಿಗೆ ಕೂರಿಸಿಕೊಂಡು ಸೊಪ್ಪು ತಿಂದಳು. ಇದನ್ನು ದೊಡ್ಡದು ಮಾಡಬೇಡಿ ಅಂದಿದ್ದಾಳೆ. ಅದಕ್ಕೇ ಬ್ರಾಕೆಟ್ಟಿನಲ್ಲಿ ಹಾಕಿದ್ದೇನೆ.)

೫

ಮೆಡಿಕಲ್ ಆಯಿತು. ರಕ್ತ ಕೊಟ್ಟು ಬಂದಳು. ರಿಪೋರ್ಟು ನಾಳೆ. ನಿಮಗೆ ಕೊನೆ ಬೇಕು, ನನಗೆ ಗೊತ್ತು. ಬರೆದು ನೋಡಿದೆ.

ಕೊನೆ ಒಂದು: ಶುಗರ್ ಇಳಿದಿದೆ. ಡಾಕ್ಟರು ಭೇಷ್ ಅಂದರು. ಸೊಸೆ ಇದನ್ನು ಕೇಳಿದ ಕೂಡಲೇ ಕಿವಿ ಮುಚ್ಚಿಕೊಂಡಳು. "ಬೇಡ ಮಾವ, ಇವತ್ತು ನೀವು ಹೀಗೆ ಬರೆದು ನಾಳೆ ಬೇರೆ ಥರ ಬಂದ್ರೆ, ನನಗೆ ಎರಡು ಸಲ ಬೇಜಾರು."

ಕೊನೆ ಎರಡು: ಗಡಿ ದಾಟಿದೆ. ಅವಳು ಕೌಂಟರಿನಲ್ಲಿ ಕೂತು, ಗಾಜಿನಾಚೆ ಹೊರಡುವ ಬಸ್ಸುಗಳನ್ನು ನೋಡುತ್ತಾಳೆ. ಇದನ್ನು ಮಗ ಮುಂದೆ ಓದಲು ಬಿಡಲಿಲ್ಲ. "ಇಷ್ಟೆಲ್ಲಾ ಮಾಡಿದ್ಮೇಲೆ ಹೀಗೆ ಬರೆಯೋಕೆ ಕೈ ಹೇಗೆ ಬಂತಪ್ಪ ನಿನಗೆ?" ಅಂದ. ಕೈ ಬಂದಿರಲಿಲ್ಲ. ಎರಡನೇ ಸಾಲಿಗೇ ನಿಂತಿತ್ತು.

ಕೊನೆ ಮೂರು, ಲಾಯರ್ ಹೇಳಿದ್ದು: ಪ್ರಯಾಣಿಕರೆಲ್ಲ ಡಿಪೋದ ಗೇಟಿನ ಮುಂದೆ ಅಡ್ಡಡ್ಡ ಮಲಗಿ, ನಮ್ಮ ಡ್ರೈವರಮ್ಮನ್ನ ಕೊಡಿ ಎಂದು ಕೂಗುತ್ತಾರೆ. ಯಾರೂ ಆಕ್ಷೇಪಿಸಲಿಲ್ಲ, ಯಾರೂ ನಂಬಲೂ ಇಲ್ಲ.

ಮೂರರಲ್ಲೂ ನನ್ನದೊಂದೇ ದೂರು. ಕಂಡದ್ದನ್ನು ಮಾತ್ರ ಹೇಳಿ ಅಭ್ಯಾಸ ಇರುವವನು ನಾನು. ಗೋದಾಮಿನ ಬಾಗಿಲಲ್ಲಿ ಕೂತು, ಬರದ ಲಾರಿಯನ್ನು ಬಂತು ಎಂದು ಹೇಳಿದವನಲ್ಲ.

ಹಾಗಾಗಿ ಇವತ್ತು ಮಧ್ಯಾಹ್ನ ಅವಳ ಬಸ್ಸು ಹತ್ತಿದೆ. ಅವಳು ಓಡಿಸುವುದನ್ನು ಹತ್ತಿರದಿಂದ ನೋಡೋಣವೆಂದು, ಡ್ರೈವರ್ ಸೀಟಿನ ಹಿಂದೆಯೇ ಕೂತೆ. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಬೋರ್ಡು ನನ್ನ ಮೂಗಿನ ನೇರಕ್ಕಿತ್ತು. ನಾನು ಮಾತಾಡಲಿಲ್ಲ. ಅವಳು ದೊಡ್ಡ ತಿರುವಿನಲ್ಲಿ ಎರಡೂ ತೋಳು ಬಳಸಿ ಚಕ್ರ ತಿರುಗಿಸುತ್ತಿದ್ದಳು. ಮುದುಕಿಯೊಬ್ಬಳು ಹತ್ತಿ ಕಂಬ ಹಿಡಿಯುವವರೆಗೆ ಬಸ್ಸು ಕದಲಿಸಲಿಲ್ಲ. ಹಿಂದಿನ ಕಾರು ಹಾರ್ನ್ ಬಾರಿಸಿದರೆ, "ಇರಪ್ಪಾ, ನಿನ್ನ ಕಾರಿಗೇನು ಬೆಂಕಿ ಬಿದ್ದಿದೆಯಾ" ಎಂದು ಗೊಣಗಿದಳು.

ಕೆಂಪು ಸಿಗ್ನಲಿನಲ್ಲಿ ಕನ್ನಡಿಯೊಳಗಿಂದ ನನ್ನನ್ನು ನೋಡಿದಳು.

"ಕಥೆ ಎಲ್ಲಿವರೆಗೆ ಬಂತು ಮಾವ?"

"ಇಲ್ಲಿವರೆಗೆ."

"ಇನ್ನೇನು ಬಾಕಿ?"

"ರಿಪೋರ್ಟು."

ಅವಳು ಸ್ಟೀರಿಂಗ್ ಮೇಲೆ ಅಂಗೈ ಒರೆಸಿಕೊಂಡಳು. "ಅದು ಬರೋದು ನಾಳೆ ತಾನೇ? ಇವತ್ತಿನ ಬಸ್ಸು ನನ್ನ ಕೈಯಲ್ಲೇ ಇದೆ. ಇಷ್ಟಕ್ಕೆ ಬಿಡಿ."

ಸಿಗ್ನಲ್ ಹಸಿರಾಯಿತು. ಬಸ್ಸು ಹೊರಟಿತು. ರಿಪೋರ್ಟು ಬೇಕಾದವರು ಮುಂದಿನ ಸ್ಟಾಪಿನಲ್ಲಿ ಇಳಿದುಕೊಳ್ಳಬಹುದು. ನಾನು ಕೂತಿರುತ್ತೇನೆ.