ಗೆಳೆಯನ ದನಿ

ವಾಕ್ ಚಿಕಿತ್ಸಕಿ ಲಹರಿ ತನ್ನ ಹೆಬ್ಬೆರಳನ್ನು ನಿತಿನನ ಗಂಟಲಿನ ಉಬ್ಬಿನ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದಳು. "ಈಗ ಕೆಮ್ಮು. ಕೆಮ್ಮು ಮುಗಿಯುವ ಮೊದಲೇ ಅದರ ಜೊತೆಗೇ 'ಆ' ಅನ್ನು," ಎಂದಳು ಹಿಂದಿಯಲ್ಲಿ.

ನಿತಿನ ಕೆಮ್ಮಿದ. ಕೆಮ್ಮಿನ ಜೊತೆಗೇ ಹೊರಟ ದಪ್ಪ ದನಿಗೆ ಬೆಚ್ಚಿ ಕುರ್ಚಿಯ ಬೆನ್ನಿನ ಕಡೆ ತಿರುಗಿ ನೋಡಿದ. ಅಲ್ಲಿ ಗೋಡೆಯಷ್ಟೇ ಇತ್ತು.

"ನಿನ್ನದೇ ಅದು," ಲಹರಿ ನಕ್ಕಳು. ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ಅವಳು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಎಲ್ಲ ಹುಡುಗರ ಹಾಗೆ ಅವನ ಧ್ವನಿಪೆಟ್ಟಿಗೆಯೂ ಹದಿಮೂರು ಹದಿನಾಲ್ಕರಲ್ಲಿ ಬೆಳೆದಿತ್ತು, ಒಳಗಿನ ತಂತುಗಳು ಉದ್ದವಾಗಿ ದಪ್ಪವಾಗಿದ್ದವು. ಆದರೆ ಕತ್ತಿನ ಸ್ನಾಯುಗಳು ಪೆಟ್ಟಿಗೆಯನ್ನು ಮೇಲಕ್ಕೆ ಎಳೆದು ಹಿಡಿದು, ಆ ತಂತುಗಳಿಂದ ಮಗುವಿನ ದನಿಯನ್ನೇ ಹೊರಡಿಸುತ್ತಿದ್ದವು. "ಏನೂ ಕೆಟ್ಟಿಲ್ಲ. ಹಿಡಿದದ್ದನ್ನು ಬಿಡಬೇಕು, ಅಷ್ಟೆ. ಯಾಕೆ ಹಿಡಿದೆ?"

ಎಂಟನೆಯ ತರಗತಿಯಲ್ಲಿ ತೆಲುಗು ಪದ್ಯ ಓದಲು ಎದ್ದಾಗ ಅವನ ದನಿ ಅರ್ಧಕ್ಕೆ ಒಡೆದು ಗೊಗ್ಗರಾಗಿತ್ತು. ತರಗತಿ ಘೊಳ್ಳೆಂದಿತ್ತು. ಉಳಿದ ಸಾಲುಗಳನ್ನು ಅವನು ಉಸಿರು ಬಿಗಿಹಿಡಿದು ಹಳೆಯ ದನಿಯಲ್ಲೇ ಮುಗಿಸಿದ್ದ. ಆವತ್ತು ಬಿಗಿಹಿಡಿದದ್ದು ಹಾಗೆಯೇ ಉಳಿದುಬಿಟ್ಟಿತು. ಒಂದೆರಡು ವರ್ಷಕ್ಕೆ ಜೊತೆಯವರ ದನಿಗಳೆಲ್ಲ ಇಳಿದವು. ನಗು ಮತ್ತೆ ಇವನ ಕಡೆಗೇ ತಿರುಗಿತು.

ಈಗ ಇಪ್ಪತ್ತೊಂದು. ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ. ಫೋನ್ ಎತ್ತಿದರೆ ಆ ಕಡೆಯವರು "ಮೇಡಂ" ಅನ್ನುತ್ತಿದ್ದರು. ಟಿಫಿನ್ ಸೆಂಟರಿನಲ್ಲಿ ಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತಿದ್ದ. ಕೋಣೆಯ ಮೂವರು ಬಿರಿಯಾನಿಗೆ ಹೊರಟರೆ ತಲೆನೋವು ಎಂದು ಕೈಸನ್ನೆ ಮಾಡಿ ಹೊದ್ದುಕೊಳ್ಳುತ್ತಿದ್ದ. ಕೊನೆಕೊನೆಗೆ ಅವರು ಕರೆಯುವುದನ್ನೇ ಬಿಟ್ಟರು. ಕೋಚಿಂಗಿನ ಅಣಕು ಸಂದರ್ಶನದಲ್ಲಿ ಅವನು ಹೆಸರು ಹೇಳುತ್ತಲೇ ಎದುರಿಗಿದ್ದ ಇಬ್ಬರೂ ತಲೆ ತಗ್ಗಿಸಿ ನಗು ನುಂಗಿದರು. ಮರುದಿನವೇ ಅವನು ಈ ಆಸ್ಪತ್ರೆಯನ್ನು ಹುಡುಕಿಕೊಂಡು ಬಂದಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ವಾರವಾರ ಹೋದ. ಹಾಸ್ಟೆಲಿನ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ, ಗಂಟಲಿಗೆ ಬೆರಳೊತ್ತಿ ಗುನುಗಿದ. ಒಂದು ಮುಂಜಾನೆ ಬೆರಳು ತೆಗೆದ ಮೇಲೂ ದನಿ ತಳದಲ್ಲೇ ನಿಂತಿತು. ದಪ್ಪ ದನಿ, ಎದೆಯ ಗೂಡನ್ನು ನಡುಗಿಸುವಂಥದ್ದು. "ನಾನು ನಿತಿನ," ಎಂದು ಟ್ಯಾಂಕಿಗೆ ಹೇಳಿದ. ಮೊದಲು ಆಯಿಗೆ ಕೇಳಿಸಬೇಕೆನಿಸಿತು.

ಆಯಿ ಎಂದರೆ ಅಜ್ಜಿ ಗಿರಿಜಾಬಾಯಿ. ಅವನು ತಡೆಯಿಲ್ಲದೆ ಮಾತಾಡುತ್ತಿದ್ದುದು ಅವಳೊಬ್ಬಳ ಹತ್ತಿರ. ಕಣ್ಣಿನ ಒತ್ತಡದ ರೋಗದಿಂದ ಅವಳ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು.

ಭಾನುವಾರ ಅವನು ಮಲ್ಕಾಜ್‌ಗಿರಿಯ ಮನೆಗೆ ಬಂದಾಗ ಅಪ್ಪ ಅಮರೇಶಪ್ಪ ರೈಲ್ವೆ ಡ್ಯೂಟಿಗೆ ಹೋಗಿದ್ದರು, ಅವ್ವ ತಾರ್ನಾಕದಲ್ಲಿ ಯಾರದೋ ಸೀಮಂತಕ್ಕೆ. ಬಾಗಿಲು ತೆರೆದೇ ಇತ್ತು. ಆಯಿ ನಡುಮನೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಆಯೀ."

ಅವಳ ಕೈ ನಿಂತಿತು. ಸೆರಗು ತಲೆಯ ಮೇಲೆಳೆದುಕೊಂಡಳು. "ಯಾರ್ರಿ?"

"ನಾನು, ನಿತಿನ."

"ಚ್ಯಾಷ್ಟಿ ಮಾಡ್ತೀರೇನ್ರಿ?" ಆಯಿ ನಕ್ಕಳು. "ಕಣ್ಣಿಲ್ಲಂದ್ರ ಮೊಮ್ಮಗನ ದನೀನೂ ಗೊತ್ತಾಗಂಗಿಲ್ಲೇನು ನನಗ?" ಹಾಗೆನ್ನುತ್ತಲೇ ಏನೋ ಹೊಳೆದು ಅವಳ ಮುಖ ಅರಳಿತು. "ನೀವು ಅವನ ಗೆಳೆಯಾರು! ಹೌದಿಲ್ರಿ? ಅವ ಹೇಳಿಕೊಟ್ಟು ಮುಂದ ಕಳಿಸ್ಯಾನ. ಕೆಳಗ ಅಂಗಡಿಗೆ ಹೋದನೇನು?"

ಅವನು ಬಾಯಿ ತೆರೆದ. ಆ ಮುಖದಲ್ಲಿ ಅಷ್ಟು ಸಂತೋಷವನ್ನು ಅವನು ಎಷ್ಟೋ ದಿನದಿಂದ ಕಂಡಿರಲಿಲ್ಲ. "ಹೂಂ ರಿ," ಎಂದುಬಿಟ್ಟ.

"ಕುಂದರ್ರಿ, ಕುಂದರ್ರಿ. ಈ ಮನಿಗೆ ಅವನ ಗೆಳೆಯಾ ಅಂತ ಒಬ್ಬರೂ ಬಂದಿದ್ದಿಲ್ಲ ನೋಡ್ರಿ." ಆಯಿ ದನಿ ಬಂದ ದಿಕ್ಕಿಗೆ ಸರಿದು ಕುಳಿತಳು. "ನನ್ನ ಮುಂದ ಎಲ್ಲಾ ಹೇಳ್ತಾನ್ರಿ. ರೂಮಿನ ಹುಡುಗರು ಕರ್ಕೊಂಡು ಹೋದ್ರು, ಬಿರ್ಯಾನಿ ತಿಂದ್ವಿ, ಸಿನಿಮಾ ನೋಡಿದ್ವಿ, ಅಂತ. ಸುಳ್ಳು ಹೇಳಾಕತ್ತಾನ ಅಂತ ನನಗ ತಿಳೀತಿತ್ರಿ. ಹೂಂ ಹೂಂ ಅಂತಿದ್ದೆ. ಮತ್ತೇನ್ ಮಾಡ್ಲಿ?"

ನಿತಿನ ಎದ್ದು ಹೋಗಿ ಅವಳ ಕೈ ಹಿಡಿದರೆ ಸಾಕಿತ್ತು, ಆ ಕೈಗೆ ಅವನ ಬೆರಳುಗಳು ಗೊತ್ತಿದ್ದವು. ಆದರೆ ಅವಳು ಮಾತು ಮುಂದುವರಿಸಿದ್ದಳು, ಈ ಸಲ ಪಿಸುದನಿಯಲ್ಲಿ.

"ಅವನ ದನಿ ಸ್ವಲ್ಪ ಸಣ್ಣ ಐತ್ರಿ. ಕೆಟ್ಟ ಹುಡುಗ ಅಲ್ಲ ಅವ. ನೀವು ನಗಬ್ಯಾಡ್ರೀ."

"ನಗಂಗಿಲ್ರಿ," ಎಂದ. ಮಾತು ಎದೆಯ ಆಳದಿಂದ, ದಪ್ಪಗೆ ಬಂತು.

ಆಯಿ ಗೋಡೆ ಸವರುತ್ತ ಅಡುಗೆಮನೆಗೆ ಹೋದಳು. ಅವ್ವ ಮಾಡಿಟ್ಟಿದ್ದ ಪುಂಡಿಪಲ್ಯ, ಶೇಂಗಾ ಚಟ್ನಿ, ಒಣಗಿ ಗರಿಗರಿಯಾದ ಕಟಕ್ ರೊಟ್ಟಿ ತಂದಳು. ಎರಡು ತಾಟುಗಳನ್ನು ಎದುರುಬದುರಾಗಿಟ್ಟು, ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಬಡಿಸಿದಳು. "ಇನ್ನೂ ಬರಲಿಲ್ಲಲ್ಲ ಅವ," ಎಂದು ಬಾಗಿಲ ಕಡೆ ಕಿವಿಗೊಟ್ಟಳು.

ನಿತಿನ ಸದ್ದಿಲ್ಲದೆ ಎದ್ದು ಹೊಸ್ತಿಲ ಆಚೆ ಹೋಗಿ ನಿಂತ. ಕತ್ತು ಬಿಗಿಮಾಡಿದ. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ, ಎತ್ತರದಲ್ಲಿ, ತೆಳ್ಳಗೆ, ಹಳೆಯ ದನಿ ಸಿಕ್ಕಿತು.

"ಆಯೀ, ಬಂದೆ."

"ಬಾ ಬಾ! ಎಷ್ಟೊತ್ತೋ? ಪಾಪ, ನಿನ್ನ ಗೆಳೆಯಾರು ಒಬ್ಬರ ಕುಂತಾರ."

ಅವನು ಒಂದು ತಾಟಿನ ಮುಂದೆ ಕುಳಿತ. ಆಯಿ ಇನ್ನೊಂದು ತಾಟಿನ ಕಡೆ ಮುಖ ತಿರುಗಿಸಿ, ಖಾಲಿ ಚಾಪೆಯತ್ತ ನಕ್ಕಳು. "ನಾಚಬ್ಯಾಡ್ರಿ. ಉಣ್ರಿ."

ಹೊರಗೆ ಲೋಕಲ್ ರೈಲೊಂದು ಸದ್ದು ಮಾಡುತ್ತ ಹೋಯಿತು. ಅದು ದೂರವಾಗುವವರೆಗೆ ಕಾದು, ನಿತಿನ ಎದುರಿನ ತಾಟಿಗೆ ಕೈಚಾಚಿ, ಅವಳಿಗೆ ಕೇಳಿಸುವ ಹಾಗೆ ರೊಟ್ಟಿಯನ್ನು ಮುರಿದ.