ಅಂಗಿಯ ಮೇಲಿನ ಅರಿಶಿನ

ಹೊಸ ಬಟ್ಟೆ ಕಂಡರೆ ನಮ್ಮಮ್ಮ ಚಲುವಮ್ಮನ ಕೈ ಸುಮ್ಮನಿರುವುದಿಲ್ಲ. ಅರಿಶಿನ ಮುಟ್ಟಿಸದೆ ಕುಂಬಾರಕೊಪ್ಪಲಿನ ಈ ಮನೆಯಲ್ಲಿ ಒಂದು ಕರ್ಚೀಫನ್ನೂ ಯಾರೂ ಬಳಸಿದ್ದಿಲ್ಲ. ಅದು ಗೊತ್ತಿದ್ದೂ ಆ ಅಂಗಿಯನ್ನು ಮಂಚದ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆನಲ್ಲ, ನನ್ನ ಬುದ್ಧಿಗೆ ಏನೆನ್ನಲಿ!

ಉಕ್ರೇನಿನ ವಿಶಿವಾಂಕ ಅದು. ಅಚ್ಚ ಬಿಳಿ ಬಟ್ಟೆ, ಕೊರಳಿಗೆ, ತೋಳಿಗೆ, ಅಂಚಿಗೆಲ್ಲ ಕೆಂಪು ಕಪ್ಪು ದಾರದ ಕಸೂತಿ. ಹಾರ್ಕಿವ್‌ನಲ್ಲಿ ಡಾಕ್ಟರಿಕೆ ಓದುವಾಗ ನಾನು ಬಾಡಿಗೆಗಿದ್ದ ಮನೆಯೊಡತಿ ಹಲೀನಾ ತನ್ನ ಕೈಯಾರೆ ಹಾಕಿದ ಕಸೂತಿ. ಯುದ್ಧ ಶುರುವಾಗಿ ನಾನು ಮೈಸೂರಿಗೆ ಓಡಿಬಂದಾಗ ಅರ್ಧ ಆಗಿತ್ತು. ಉಳಿದದ್ದನ್ನು ಕರೆಂಟಿಲ್ಲದ ಸಂಜೆಗಳಲ್ಲಿ ಮೇಣದಬತ್ತಿ ಹಚ್ಚಿಕೊಂಡು ಮುಗಿಸಿ ಪಾರ್ಸೆಲ್ ಕಳಿಸಿದ್ದಳು. ಇವತ್ತು ಅವರ ದೇಶದಲ್ಲಿ ಎಲ್ಲರೂ ಈ ಅಂಗಿ ತೊಡುವ ದಿನ. ವಿಡಿಯೋ ಕಾಲ್ ಮಾಡುತ್ತೇನೆ, ತೊಟ್ಟು ತೋರಿಸು ಅಂದಿದ್ದಳು.

ಸ್ನಾನ ಮುಗಿಸಿ ಬಂದು ನೋಡಿದರೆ ಎದೆಯ ಮೇಲೆಯೇ ಹೆಬ್ಬೆರಳಗಲ ಅರಿಶಿನ.

"ಮೂಲೇಲಿ ಹಚ್ಚಕ್ಕೆ ಆಗ್ತಿರಲಿಲ್ವಾ ನಿಂಗೆ?" ಕಿರುಚಿದೆ.

"ಮೂಲೇಲೆಲ್ಲ ದಾರ ತುಂಬೋಗದೆ ಕಣಮ್ಮ, ಜಾಗ ಎಲ್ಲದೆ? ಯುದ್ಧದ ಊರಿಂದ ಬಂದಿರೋ ಬಟ್ಟೆ, ಅಂಗೇ ಹಾಕ್ಕೊಂಬುಟ್ರೆ ಆಯ್ತದಾ?"

ಸೋಪು ಹಾಕಿ ತಿಕ್ಕಿದೆ. ಹಳದಿ ಹೋಗಿ ಕುಂಕುಮದ ಬಣ್ಣಕ್ಕೆ ತಿರುಗಿತು. ಇನ್ನಷ್ಟು ತಿಕ್ಕಿದೆ, ಅಂಗೈಯಗಲ ಹರಡಿತು. ಅಳು ಬಂತು. ಓದು ಅರ್ಧಕ್ಕೆ ನಿಂತಿತ್ತು. ಆ ಊರಿನಿಂದ ನನಗೆ ದಕ್ಕಿದ್ದು ಇದೊಂದೇ, ಇದನ್ನೂ ಒಂದು ದಿನ ನೆಟ್ಟಗೆ ಇಟ್ಟುಕೊಳ್ಳಲಾಗಲಿಲ್ಲ.

ಒದ್ದೆ ಅಂಗಿಯನ್ನೇ ತೊಟ್ಟು, ಎದೆಗೆ ದುಪಟ್ಟಾ ಹೊದ್ದು ಕೂತೆ. ಫೋನಿನಲ್ಲಿ ಕಾಣಿಸಿದ ಹಲೀನಾ ಸೊರಗಿದ್ದಳು. "ದುಪಟ್ಟಾ ತೆಗಿ, ಕಸೂತಿ ಕಾಣುತ್ತಿಲ್ಲ" ಅಂದಳು. ತೆಗೆದೆ. ಅವಳ ಕಣ್ಣು ಕಲೆಯ ಮೇಲೆಯೇ ನಿಂತಿತು.

"ಎಲ್ಲ ನಮ್ಮಮ್ಮನ ಕೆಲಸ," ನನಗೆ ಬರುವಷ್ಟು ಅವಳ ಭಾಷೆಯಲ್ಲಿ ಸಿಟ್ಟಿನಿಂದಲೇ ಹೇಳಿದೆ. "ಹೊಸ ಬಟ್ಟೆಗೆ ಅರಿಶಿನ ಹಚ್ಚಿದರೆ ತೊಟ್ಟವರಿಗೆ ಕೆಡುಕಾಗುವುದಿಲ್ಲವಂತೆ. ಹಾಳು ಮಾಡಿಬಿಟ್ಟಳು."

ಹಲೀನಾ ಎದ್ದು ಹೋದಳು. ಮುನಿಸಿಕೊಂಡಳು ಅಂದುಕೊಂಡೆ. ತಿರುಗಿ ಬಂದಾಗ ಅವಳ ಕೈಯಲ್ಲಿ ಅಂಥದ್ದೇ ಇನ್ನೊಂದು ಅಂಗಿ, ಗಂಡಸಿನದು. ಯುದ್ಧಕ್ಕೆ ಹೋಗಿರುವ ಮಗ ಆಂದ್ರಿಗೆಂದು ಹೊಲಿದದ್ದು, ಅವನಿನ್ನೂ ತೊಟ್ಟಿಲ್ಲ. ಅದನ್ನು ಫೋನಿನ ಮುಂದೆ ಹಿಡಿದು, "ಇದಕ್ಕೂ ಹಚ್ಚಲು ಹೇಳು" ಅಂದಳು.

ಅಮ್ಮನಿಗೆ ಹೇಳಿದೆ. ಅವಳು ಬಟ್ಟಲು ತಂದು ಹೆಬ್ಬೆರಳು ಅದ್ದಿ ಫೋನಿನ ಗಾಜಿನ ಮೇಲೆ, ಆ ಅಂಗಿಯ ಎದೆಯ ನೇರಕ್ಕೆ ಒತ್ತಿದಳು. ಬೈಯಲು ಬಾಯಿ ತೆರೆದಿದ್ದ ನಾನು ಫೋನನ್ನು ಅವಳತ್ತ ಇನ್ನಷ್ಟು ಚಾಚಿದೆ.

"ಉಸಾರಾಗಿ ಮನೆಗೆ ಬರ್ಲಿ ಬುಡವ್ವ, ನಿನ್ ಮಗ."

ಅಮ್ಮ ಬೆರಳು ತೆಗೆಯುವವರೆಗೂ ಹಲೀನಾ ಅಂಗಿಯನ್ನು ಅಲುಗಿಸಲಿಲ್ಲ.